ಫಾಸ್ಫೇಟ್ ಕಳಚುವ ಕಿಣ್ವಗಳ ಬೆನ್ನು ಹತ್ತಿ

ದಾವಣಗೆರೆಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಾಗ ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಿ ಪ್ರಬಂಧ ಸಲ್ಲಿಸಬೇಕಾಗಿತ್ತು. ನನ್ನ ಪಾಲಿಗೆ ಬಂದ ಪ್ರಶ್ನೆ ಹೇಳುವುದಕ್ಕೆ ಸರಳವಾಗಿತ್ತು: ಕ್ಯಾನ್ಸರ್ ಜೀವಕೋಶದೊಳಗಿನ ಫಾಸ್ಫಟೇಸ್ ಕಿಣ್ವಗಳನ್ನು ತಡೆದರೆ ಆ ಕೋಶ ಸುತ್ತಲಿನ ದ್ರವದಿಂದ ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತದೆಯೇ? ಕ್ಯಾನ್ಸರ್ ಕೋಶಗಳ ಗ್ಲೂಕೋಸ್ ದಾಹ ಹೊಸ ಸಂಗತಿಯೇನಲ್ಲ. ಗಡ್ಡೆಯ ಅಂಗಾಂಶವು ಆಮ್ಲಜನಕ ಸಾಕಷ್ಟಿದ್ದಾಗಲೂ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಒಡೆಯುತ್ತದೆಂದು ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಆದರೆ ನಮ್ಮ ಪಠ್ಯಗಳಲ್ಲಿ ಈ ದಾಹದ ವಿವರಣೆ ಬಂದಾಗಲೆಲ್ಲ ಮುಂದೆ ನಿಲ್ಲುವುದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕೈನೇಸ್‌ಗಳು. ಅಂಟಿಸಿದ್ದನ್ನು ಕಳಚುವ ಫಾಸ್ಫಟೇಸ್‌ಗಳಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. "ಅಂಟಿಸೋದರ ಬಗ್ಗೆ ಎಲ್ಲರೂ ಮಾಡ್ತಾರೆ. ನೀನು ಕಳಚೋದನ್ನ ನೋಡು" ಎಂದು ಮಾರ್ಗದರ್ಶಕರಾಗಿದ್ದ ಮೇಡಂ ವಿಷಯವನ್ನು ನನ್ನ ಕೈಗಿತ್ತರು.

ಕ್ಯಾನ್ಸರ್ ಕೋಶಗಳನ್ನು ಮುಟ್ಟುವ ಮೊದಲು ಹೆಸರುಕಾಳಿನಲ್ಲಿ ಕೈ ಪಳಗಿಸಿಕೊಳ್ಳಬೇಕೆಂದು ಅವರು ಹೇಳಿದರು. ಮೊಳಕೆ ಬಂದ ಹೆಸರುಕಾಳಿನಲ್ಲಿ ಆಮ್ಲೀಯ ಫಾಸ್ಫಟೇಸ್ ಹೇರಳವಾಗಿರುತ್ತದೆ. ಮನೆಯಲ್ಲಿ ಕೋಸಂಬರಿಗೆಂದು ಬಟ್ಟೆ ಕಟ್ಟಿಟ್ಟ ಕಾಳಿನಲ್ಲೇ ಒಂದು ಹಿಡಿ ತಂದು, ಹಿಮದ ಮೇಲಿಟ್ಟ ಒರಳಿನಲ್ಲಿ ಅರೆದು, ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವ ತಿಳಿಯೇ ಕಿಣ್ವದ ದ್ರಾವಣ. ಅದಕ್ಕೆ ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಎಂಬ ಬಣ್ಣವಿಲ್ಲದ ಸಂಯುಕ್ತವನ್ನು ಸೇರಿಸುತ್ತಾರೆ. ಕಿಣ್ವವು ಅದರ ಫಾಸ್ಫೇಟನ್ನು ಕಳಚಿದರೆ ಉಳಿಯುವ ನೈಟ್ರೋಫೀನಾಲ್ ಆಮ್ಲೀಯ ದ್ರಾವಣದಲ್ಲಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹನಿಸಿದ ಕೂಡಲೇ ಕ್ರಿಯೆಯೂ ನಿಲ್ಲುತ್ತದೆ, ನಳಿಕೆಯೂ ಹಳದಿಯಾಗುತ್ತದೆ. ಆ ಹಳದಿಯನ್ನು 405 ನ್ಯಾನೋಮೀಟರಿನಲ್ಲಿ ಓದಬೇಕು. ಇಲ್ಲಿ ಮೇಡಂ ಮೊದಲೇ ಎಚ್ಚರಿಸಿದ ಒಂದು ಮಾತನ್ನು ಬರೆದಿಡಬೇಕು: ದ್ರಾವಣದ ಪಿಎಚ್ ಅಲುಗದಂತೆ ಹಿಡಿದಿಡಲು ಎಲ್ಲದಕ್ಕೂ ಬಳಸುವ ಫಾಸ್ಫೇಟ್ ಬಫರನ್ನು ಈ ಪರೀಕ್ಷೆಯಲ್ಲಿ ಬಳಸುವಂತಿಲ್ಲ. ಕಿಣ್ವ ಕಳಚಿ ಹಾಕುವ ವಸ್ತುವೇ ಮೊದಲಿನಿಂದ ಸುತ್ತ ತುಂಬಿಕೊಂಡಿದ್ದರೆ ಅದು ಕಿಣ್ವದ ಕ್ರಿಯಾಸ್ಥಾನಕ್ಕೆ ಹೋಗಿ ಕುಳಿತು ಕೆಲಸವನ್ನು ತಡೆಯುತ್ತದೆ. ನಾವು ಅಸಿಟೇಟ್ ಬಫರ್ ಬಳಸಿದೆವು. ನಳಿಕೆಗಳ ಒಂದು ಸಾಲಿಗೆ ಬೇಕೆಂದೇ ಫಾಸ್ಫೇಟ್ ಸೇರಿಸಿ, ಹಳದಿ ಹೇಗೆ ತೆಳುವಾಗುತ್ತಾ ಹೋಗುತ್ತದೆಂಬುದನ್ನು ಕಣ್ಣಾರೆ ನೋಡಿದ ಮೇಲೆ, ತಡೆಯೊಡ್ಡುವುದು ಎಂದರೇನೆಂದು ವಿವರಿಸಲು ನನಗೆ ಯಾವ ಪಠ್ಯವೂ ಬೇಕಾಗಲಿಲ್ಲ.

ಜೀವಕೋಶಗಳಲ್ಲಿ ಬಳಸಬೇಕಾಗಿದ್ದ ತಡೆಕಾರಿ ಸೋಡಿಯಂ ಆರ್ಥೋವೆನಡೇಟ್. ವೆನಡೇಟ್ ಅಯಾನು ಆಕಾರದಲ್ಲಿ ಫಾಸ್ಫೇಟನ್ನು ಹೋಲುತ್ತದೆ. ಪ್ರೋಟೀನಿನ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಫಾಸ್ಫೇಟ್ ಕಳಚುವ ಟೈರೋಸಿನ್ ಫಾಸ್ಫಟೇಸ್‌ಗಳ ಕ್ರಿಯಾಸ್ಥಾನದಲ್ಲಿ, ಫಾಸ್ಫೇಟ್ ಕಳಚುವ ನಡುಹಂತದಲ್ಲಿ ಮೂಡುವ ರೂಪದಂತೆಯೇ ನೆಲೆಸಿ ಕಿಣ್ವವನ್ನು ಸುಮ್ಮನಾಗಿಸುತ್ತದೆ. ಅದರ ಬಿಳಿಯ ಪುಡಿಯನ್ನು ನೀರಿನಲ್ಲಿ ಕರಗಿಸಿ ಹಾಗೆಯೇ ಬಳಸಲು ಬರುವುದಿಲ್ಲ. ದ್ರಾವಣದಲ್ಲಿ ವೆನಡೇಟ್ ಅಯಾನುಗಳು ಹತ್ತರ ಗುಂಪಾಗಿ ಕೂಡಿಕೊಳ್ಳುತ್ತವೆ; ಆ ಗುಂಪು ಫಾಸ್ಫೇಟನ್ನು ಹೋಲುವುದಿಲ್ಲ, ಆದ್ದರಿಂದ ನಮಗೆ ಬೇಕಾದ ಕೆಲಸವನ್ನೂ ಮಾಡುವುದಿಲ್ಲ. ಗುಂಪು ಕಟ್ಟಿಕೊಂಡಿದೆ ಎಂಬುದಕ್ಕೆ ಗುರುತು ಹಳದಿ ಬಣ್ಣ. ಪಿಎಚ್ 10ಕ್ಕೆ ತಂದು, ಬೀಕರನ್ನು ಕುದಿಯುವ ನೀರಿನಲ್ಲಿಟ್ಟು ಕಾಯಿಸಿದರೆ ಹಳದಿ ಮೆಲ್ಲಗೆ ಕರಗಿ ದ್ರಾವಣ ನೀರಿನಂತೆ ನಿರ್ಮಲವಾಗುತ್ತದೆ. ತಣ್ಣಗಾದ ಮೇಲೆ ಪಿಎಚ್ ನೋಡಿದರೆ ಅದು ಜಾರಿರುತ್ತದೆ. ಮತ್ತೆ 10ಕ್ಕೆ ತರುವಷ್ಟರಲ್ಲಿ ಹಳದಿ ಇಣುಕುತ್ತದೆ, ಮತ್ತೆ ಕಾಯಿಸಬೇಕು. ಬಣ್ಣವೂ ಬಾರದೆ ಪಿಎಚ್ ಕೂಡ ಅಲುಗದೆ ನಿಲ್ಲುವವರೆಗೆ ಇದು ನಡೆಯುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯ ಸೆಖೆಯಲ್ಲಿ, ಬಣ್ಣ ಸರಿಯಾಗಿ ಕಾಣಲೆಂದು ಬೀಕರಿನ ಹಿಂದೆ ಬಿಳಿ ಹಾಳೆ ಹಿಡಿದು ನೀರಿನ ಹಬೆಯ ಮುಂದೆ ನಿಲ್ಲುವುದು ಸುಖದ ಕೆಲಸವಲ್ಲ. ಆದರೆ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸ ಇದೇ. ಕೊನೆಗೆ ನಿರ್ಮಲವಾಗಿ ನಿಂತ ದ್ರಾವಣವನ್ನು ಪುಟ್ಟ ನಳಿಕೆಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟೆ. ಹೆಸರುಕಾಳಿನ ಕಿಣ್ವದ ಮೇಲೆ ಪರೀಕ್ಷಿಸಿದಾಗ ಹಳದಿ ಮೂಡುವುದು ಸ್ಪಷ್ಟವಾಗಿ ತಗ್ಗಿತು. ತಡೆಕಾರಿ ಸಿದ್ಧವಾಗಿದೆ ಎಂಬುದಕ್ಕೆ ಅಷ್ಟು ಸಾಕಾಗಿತ್ತು.

ವೆನಡೇಟ್ ಇನ್ಸುಲಿನ್ನಿನ ಹಾಗೆ ವರ್ತಿಸುತ್ತದೆಂಬುದು ಹಳೆಯ ತಿಳಿವಳಿಕೆ. ಇಲಿಯ ಕೊಬ್ಬಿನ ಕೋಶಗಳಲ್ಲಿ ವೆನೇಡಿಯಂ ಲವಣಗಳು ಗ್ಲೂಕೋಸ್ ಬಳಕೆಯನ್ನು ಏರಿಸುತ್ತವೆಂದು 1980ರ ಹೊತ್ತಿಗೇ ಪ್ರಕಟವಾಗಿತ್ತು. ಅದಕ್ಕೂ ಹಿಂದಿನ ಒಂದು ಸಂಗತಿ ನನಗೆ ಹೆಚ್ಚು ಸ್ವಾರಸ್ಯಕರವಾಗಿ ಕಂಡಿತು. ಸ್ನಾಯುವಿನಿಂದ ತಯಾರಿಸಿದ ಎಟಿಪಿಯಲ್ಲಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು), ಕೋಶದಿಂದ ಸೋಡಿಯಂ ಹೊರದೂಡುವ ಸೋಡಿಯಂ ಪಂಪನ್ನು ತಡೆಯುವ ಏನೋ ಕಲಬೆರಕೆ ಇದೆ ಎಂಬ ಗೊಂದಲವನ್ನು ಬೆನ್ನು ಹತ್ತಿ, ಆ ವಸ್ತು ವೆನಡೇಟ್ ಎಂದು 1977ರಲ್ಲಿ ತೋರಿಸಿದವರಲ್ಲಿ ಲೂಯಿಸ್ ಕ್ಯಾಂಟ್ಲಿ ಒಬ್ಬರು. ಮುಂದೆ 1980ರ ದಶಕದಲ್ಲಿ ಪಿಐ3 ಕೈನೇಸ್ ಎಂಬ ಕಿಣ್ವವನ್ನು ಬೆಳಕಿಗೆ ತಂದದ್ದೂ ಅವರ ತಂಡವೇ. ನನ್ನ ಪ್ರಾಜೆಕ್ಟಿನ ಎರಡು ತುದಿಗಳು, ಅಂದರೆ ತಡೆಕಾರಿ ಮತ್ತು ಅದು ಪ್ರಭಾವಿಸುವ ಸಂಕೇತ ಸರಣಿ, ಒಬ್ಬರೇ ವಿಜ್ಞಾನಿಯ ಬದುಕಿನಲ್ಲಿ ಕೂಡಿಕೊಂಡದ್ದನ್ನು ನಾನು ಸೆಮಿನಾರಿನಲ್ಲಿ ಸ್ವಲ್ಪ ಹೆಚ್ಚೇ ಉತ್ಸಾಹದಿಂದ ಹೇಳಿದೆ.

ಆ ಸರಣಿಯನ್ನು ಇಲ್ಲಿ ವಿವರಿಸದೆ ಮುಂದೆ ಹೋಗಲಾಗದು. ಪಿಐ3 ಕೈನೇಸ್ ಕೋಶಪೊರೆಯಲ್ಲಿರುವ ಒಂದು ಕೊಬ್ಬಿನ ಅಣುವಿಗೆ ಫಾಸ್ಫೇಟ್ ಸೇರಿಸಿ ಅದನ್ನು ಪಿಐಪಿ3 ಆಗಿಸುತ್ತದೆ. ಪಿಐಪಿ3 ಇದ್ದಲ್ಲಿಗೆ ಎಕೆಟಿ ಎಂಬ ಕೈನೇಸ್ ಬಂದು ಸೇರುತ್ತದೆ, ತನ್ನ ಮೇಲೆ ಎರಡು ಫಾಸ್ಫೇಟ್‌ಗಳನ್ನು ಪಡೆದು ಪೂರ್ಣವಾಗಿ ಎಚ್ಚರಗೊಳ್ಳುತ್ತದೆ. ಎಚ್ಚೆತ್ತ ಎಕೆಟಿಯಿಂದಾಗಿ ಗ್ಲೂಟ್-1 ಎಂಬ ಗ್ಲೂಕೋಸ್ ಸಾಗಣೆ ಪ್ರೋಟೀನುಗಳು ಕೋಶದ ಮೈಮೇಲೆ ಹೆಚ್ಚು ಸಂಖ್ಯೆಯಲ್ಲಿ ಉಳಿಯುತ್ತವೆ. ಅಮೈನೋ ಆಮ್ಲಗಳ ಸಾಗಣೆ ಪ್ರೋಟೀನುಗಳಿಗೂ ಇದೇ ಅನುಕೂಲ. ಈ ಸರಣಿಯ ಒಂದೊಂದು ಮೆಟ್ಟಿಲಲ್ಲೂ ಕಳಚುವ ಕಿಣ್ವವೊಂದಿದೆ ಎಂಬುದು ನನಗೆ ಓದುತ್ತಾ ಹೋದಂತೆ ಹೊಳೆಯಿತು. ಪಿಐಪಿ3 ಅಣುವಿನ ಫಾಸ್ಫೇಟನ್ನು ಕಳಚುವುದು ಪಿಟೆನ್. ಇದರ ವಂಶವಾಹಿಯನ್ನು 10ನೆಯ ವರ್ಣತಂತುವಿನಲ್ಲಿ 1997ರಲ್ಲಿ ಗುರುತಿಸಿದರು. ಅದು ಮುಖ್ಯವಾಗಿ ಕಳಚುವುದು ಪ್ರೋಟೀನಿನ ಫಾಸ್ಫೇಟನ್ನಲ್ಲ, ಕೊಬ್ಬಿನ ಅಣುವಿನ ಫಾಸ್ಫೇಟನ್ನು ಎಂಬುದು ಸ್ಪಷ್ಟವಾದದ್ದು ಮರುವರ್ಷ. ಎಕೆಟಿಯ ಮೇಲಿನ ಎರಡು ಫಾಸ್ಫೇಟ್‌ಗಳಲ್ಲಿ ಒಂದನ್ನು ಪಿಪಿ2ಎ ತೆಗೆದರೆ ಇನ್ನೊಂದನ್ನು ಪಿಎಚ್‌ಎಲ್‌ಪಿಪಿ ತೆಗೆಯುತ್ತದೆ. ಈ ಸರಣಿಯ ತುತ್ತತುದಿಯಲ್ಲಿರುವ ಇನ್ಸುಲಿನ್ ಗ್ರಾಹಕದ ಫಾಸ್ಫೇಟನ್ನು ಪಿಟಿಪಿ1ಬಿ ಕಳಚುತ್ತದೆ. ಹಲವು ಬಗೆಯ ಕ್ಯಾನ್ಸರುಗಳಲ್ಲಿ ಪಿಟೆನ್ ಕಳೆದುಹೋಗಿರುತ್ತದೆ ಎಂದರೆ, ಸಾಗಣೆ ಪ್ರೋಟೀನುಗಳನ್ನು ಮೈಮೇಲಿಂದ ಒಳಗೆ ಕರೆಸಿಕೊಳ್ಳುವ ದಾರಿಯೊಂದು ಮುಚ್ಚಿದೆ ಎಂದೇ ಅರ್ಥ. ಪಿಟೆನ್ ಮಾಮೂಲಿಗಿಂತ ಹೆಚ್ಚಿರುವಂತೆ ಬೆಳೆಸಿದ ಇಲಿಗಳ ಕೋಶಗಳು ಗ್ಲೂಕೋಸನ್ನೂ ಗ್ಲೂಟಮಿನ್ ಎಂಬ ಅಮೈನೋ ಆಮ್ಲವನ್ನೂ ಕಡಿಮೆ ಹೀರುತ್ತವೆ, ಆ ಇಲಿಗಳಿಗೆ ಕ್ಯಾನ್ಸರ್ ತಗಲುವುದೂ ಕಡಿಮೆ ಎಂದು 2012ರಲ್ಲಿ ಪ್ರಕಟವಾದ ಕೆಲಸವು ಇದೇ ಮಾತನ್ನು ಎದುರು ದಿಕ್ಕಿನಿಂದ ಹೇಳುತ್ತದೆ.

ಪಿಟೆನ್ ಇರುವ ಕೋಶಗಳನ್ನೂ ಇಲ್ಲದ ಕೋಶಗಳನ್ನೂ ಅಕ್ಕಪಕ್ಕ ಇಡಬೇಕೆಂಬುದು ಯೋಜನೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ಮೊದಲೇ ತರಿಸಿ ದ್ರವ ಸಾರಜನಕದಲ್ಲಿ ಇಟ್ಟಿದ್ದ ಎರಡು ಸ್ತನ ಕ್ಯಾನ್ಸರ್ ಕೋಶಸರಣಿಗಳು, ಅಂದರೆ ಲ್ಯಾಬಿನಲ್ಲಿ ಸತತವಾಗಿ ಬೆಳೆಸಿಕೊಂಡು ಬಂದ ಕೋಶಗಳ ಪೀಳಿಗೆಗಳು, ನಮಗೆ ಒದಗಿದವು: ಪಿಟೆನ್ ಇರುವ ಎಂಸಿಎಫ್-7, ಪಿಟೆನ್ ಕಳೆದುಕೊಂಡ ಎಂಡಿಎ-ಎಂಬಿ-468. ಎರಡನೆಯದನ್ನು ವಾಡಿಕೆಯಲ್ಲಿ ಬೆಳೆಸುವುದು ಎಲ್-15 ಎಂಬ ಪೋಷಕ ದ್ರವದಲ್ಲಿ. ಆ ದ್ರವದಲ್ಲಿ ಗ್ಲೂಕೋಸೇ ಇಲ್ಲ, ಅದರ ಬದಲಿಗೆ ಗ್ಯಾಲಕ್ಟೋಸ್ ಇದೆ. ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯೂ ಅದಕ್ಕೆ ಬೇಡ. ಗ್ಲೂಕೋಸ್ ಹೀರುವಿಕೆಯನ್ನೇ ಅಳೆಯಹೊರಟವರಿಗೆ ಇದು ಒಗ್ಗದು. ಆದ್ದರಿಂದ ಎರಡನ್ನೂ ಡಿಎಂಇಎಂ ದ್ರವಕ್ಕೆ, ಅದರಲ್ಲೂ ಲೀಟರಿಗೆ 1 ಗ್ರಾಂ ಗ್ಲೂಕೋಸ್ ಇರುವ ಬಗೆಗೆ ಒಗ್ಗಿಸಿಕೊಂಡೆವು. ಲೀಟರಿಗೆ 4.5 ಗ್ರಾಂ ಇರುವ ಬಗೆಯಲ್ಲಿ ಕೋಶಗಳು ಚೆನ್ನಾಗಿ ಬೆಳೆಯುತ್ತವೆ, ನಿಜ. ಆದರೆ ತುಂಬಿದ ಕೆರೆಯಿಂದ ಒಂದು ಕೊಡ ತೆಗೆದರೆ ಮಟ್ಟದಲ್ಲಿ ವ್ಯತ್ಯಾಸ ಕಾಣದ ಹಾಗೆ ಅಲ್ಲಿ ಇಳಿಕೆಯನ್ನು ಅಳೆಯುವುದು ಕಷ್ಟ.

ಕೋಶ ಬೆಳೆಸುವ ಕೋಣೆಯ ನಿಯಮಗಳನ್ನು ನನಗೆ ಕಲಿಸಿದವರು ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅಕ್ಕ. ಅವರ ಮೊದಲ ನಿಯಮ ಕಿಟಕಿಯದು. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳದ ಸುಗ್ಗಿ ಶುರುವಾದರೆ ರಸ್ತೆಯ ಅರ್ಧಕ್ಕೆ ಕಾಳು ಹರಡಿ ಒಣಗಿಸುತ್ತಾರೆ. ಆ ದೂಳಿನ ಜೊತೆ ಬೂಷ್ಟಿನ ಬೀಜಕಣಗಳು ಕೋಣೆಗೆ ಬಂದರೆ ಇಡೀ ಇನ್‌ಕ್ಯುಬೇಟರ್ ಖಾಲಿ ಮಾಡಬೇಕಾಗುತ್ತದೆ. "ಸುಗ್ಗಿ ಮುಗಿದಿದೆ ಅಂತ ಕಿಟಕಿ ತೆಗೀಬೇಡ ಮಾರಾಯ್ತಿ, ಹೊಟ್ಟು ಇನ್ನೂ ಕಣದಲ್ಲೇ ಇರ್ತದೆ" ಎಂದು ಅವರು ಏಪ್ರಿಲ್ಲಿನಲ್ಲೂ ಎಚ್ಚರಿಸುತ್ತಿದ್ದರು. ಕರೆಂಟು ಹೋದಾಗ ಇನ್‌ಕ್ಯುಬೇಟರಿನ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂಬ ಲೆಕ್ಕವೂ ಅವರ ತಲೆಯಲ್ಲಿತ್ತು. ಉಳಿದ ನಿಯಮಗಳು ಎಲ್ಲ ಕಡೆ ಇರುವಂಥವೇ.

ಪ್ರಯೋಗದ ಚೌಕಟ್ಟು ಹೀಗಿತ್ತು. ಕೋಶಗಳನ್ನು ಗುಳಿತಟ್ಟೆಗಳಲ್ಲಿ ಬಿತ್ತಿ, ತಳಕ್ಕೆ ಅಂಟಿಕೊಂಡ ಮೇಲೆ ಹೊಸ ದ್ರವ ಹಾಕಿ, ಕೆಲವು ಗುಳಿಗಳಿಗೆ ಬೇರೆ ಬೇರೆ ಪ್ರಮಾಣದ ವೆನಡೇಟ್ ಸೇರಿಸುವುದು. ಗೊತ್ತಾದ ಸಮಯಕ್ಕೆ ಪ್ರತಿ ಗುಳಿಯಿಂದ ಒಂದಿಷ್ಟು ದ್ರವ ತೆಗೆದು ಅದರಲ್ಲಿ ಉಳಿದ ಗ್ಲೂಕೋಸನ್ನು ಅಳೆಯುವುದು. ಕೋಶಗಳಿಲ್ಲದ, ಬರೀ ದ್ರವವಿರುವ ಗುಳಿಗಳೂ ತಟ್ಟೆಯಲ್ಲಿ ಇರಬೇಕು. ಇನ್‌ಕ್ಯುಬೇಟರಿನಲ್ಲಿ ನೀರು ಆವಿಯಾದರೂ ಗ್ಲೂಕೋಸಿನ ಸಾಂದ್ರತೆ ಬದಲಾಗುತ್ತದೆ. ಅಳೆಯುವುದಕ್ಕೆ ನಾವು ಬಳಸಿದ್ದು ರಕ್ತದ ಸಕ್ಕರೆ ನೋಡಲು ಊರಿನ ಎಲ್ಲ ಲ್ಯಾಬುಗಳೂ ಬಳಸುವ ಗ್ಲೂಕೋಸ್ ಆಕ್ಸಿಡೇಸ್ ಮತ್ತು ಪೆರಾಕ್ಸಿಡೇಸ್ ಕಿಟ್. ಮೊದಲ ಕಿಣ್ವ ಗ್ಲೂಕೋಸಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಎರಡನೆಯದು ಆ ಪೆರಾಕ್ಸೈಡನ್ನು ಬಳಸಿ ನಸುಗೆಂಪು ಬಣ್ಣ ಮೂಡಿಸುತ್ತದೆ. 505 ನ್ಯಾನೋಮೀಟರಿನಲ್ಲಿ ಆ ಬಣ್ಣವನ್ನು ಓದಬೇಕು.

ಆದರೆ ಕಿಟ್ ತಯಾರಿಸಿದವರ ಮನಸ್ಸಿನಲ್ಲಿದ್ದದ್ದು ರಕ್ತದ ಸೀರಂ, ನಮ್ಮ ದ್ರವವಲ್ಲ. ಡಿಎಂಇಎಂ ದ್ರವಕ್ಕೆ ಫೀನಾಲ್ ರೆಡ್ ಎಂಬ ಸೂಚಕವು ಕೆಂಪು ಕೊಟ್ಟಿರುತ್ತದೆ. ಕೋಶಗಳು ಲ್ಯಾಕ್ಟಿಕ್ ಆಮ್ಲ ಹೊರಹಾಕಿದಂತೆಲ್ಲ ಆ ಕೆಂಪು ಹಳದಿಗೆ ತಿರುಗುತ್ತದೆ. ಹಾಗಾಗಿ ಪ್ರತಿ ಮಾದರಿಗೂ ಕಿಟ್ಟಿನ ಕಿಣ್ವಗಳಿಲ್ಲದ ಒಂದು ಜೋಡಿ ನಳಿಕೆಯಿಟ್ಟು, ಅದರ ಬಣ್ಣವನ್ನು ಕಳೆದು ಲೆಕ್ಕ ಹಾಕಿದೆವು. ಇನ್ನೊಂದು ಸೂಕ್ಷ್ಮ ವೆನಡೇಟಿನದೇ. ವೆನಡೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಒಂದನ್ನೊಂದು ಕಂಡರೆ ಕೂಡಿ ಪೆರಾಕ್ಸಿವೆನಡೇಟ್ ಆಗುತ್ತವೆ. ಅಂದರೆ ನಾವು ಕೋಶಕ್ಕೆಂದು ಸೇರಿಸಿದ ವಸ್ತುವೇ ಅಳತೆಯ ನಡುವಿನ ಕೊಂಡಿಯನ್ನು ಕಬಳಿಸಿ, ಗ್ಲೂಕೋಸ್ ನಿಜಕ್ಕಿಂತ ಕಡಿಮೆ ಇರುವಂತೆ ತೋರಿಸಬಹುದು. ಕೋಶ ಹೆಚ್ಚು ಹೀರಿದೆ ಎಂದು ನಾವು ಹಿಗ್ಗಬಹುದು. ಇದನ್ನು ತಿಳಿಯಲು ಗೊತ್ತಿರುವ ಪ್ರಮಾಣದ ಗ್ಲೂಕೋಸಿನ ನಳಿಕೆಗಳನ್ನು ವೆನಡೇಟ್ ಹಾಕಿ ಒಂದು ಸಾಲು, ಹಾಕದೆ ಒಂದು ಸಾಲು ಮಾಡಿ ಓದಿದೆ. ನಾವು ಬಳಸಿದ ಅಲ್ಪ ಪ್ರಮಾಣದಲ್ಲಿ ಎರಡೂ ಗೆರೆಗಳು ಒಂದರ ಮೇಲೊಂದು ಕುಳಿತವು. ಪ್ರಬಂಧದಲ್ಲಿ ಯಾರೂ ಗಮನಿಸದ ಚಿತ್ರ ಅದು. ನನ್ನ ಮಟ್ಟಿಗೆ ಮಾತ್ರ ಉಳಿದ ಚಿತ್ರಗಳೆಲ್ಲ ನಿಂತಿರುವುದು ಅದರ ಮೇಲೆ.

ಫಲಿತಾಂಶ ಮೊದಲ ನೋಟಕ್ಕೆ ಆಸೆ ಹುಟ್ಟಿಸುವಂತಿತ್ತು. ವೆನಡೇಟ್ ಬಿದ್ದ ಎಂಸಿಎಫ್-7 ಗುಳಿಗಳ ದ್ರವದಲ್ಲಿ ಗ್ಲೂಕೋಸ್ ಸ್ವಲ್ಪ ಕಡಿಮೆ ಉಳಿದಿತ್ತು. ಪ್ರಮಾಣ ಏರಿಸಿದಾಗ ಕೋಶಗಳು ದುಂಡಗಾಗಿ ತಳ ಬಿಟ್ಟು ತೇಲತೊಡಗಿದವು, ಗ್ಲೂಕೋಸ್ ಇಳಿಯುವುದೂ ನಿಂತಿತು. ಆ ಗುಳಿಗಳನ್ನು ಲೆಕ್ಕದಿಂದ ಬಿಟ್ಟೆವು. ಆಮೇಲೆ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಗುಳಿಯಲ್ಲಿ ಎಷ್ಟು ಕೋಶ ಇದ್ದವು?" ಫಾಸ್ಫಟೇಸ್ ತಡೆದರೆ ಒಂದೊಂದು ಕೋಶವೂ ಹೆಚ್ಚು ಹೀರಬಹುದು, ಅಥವಾ ಬೆಳವಣಿಗೆಯ ಸಂಕೇತ ಬಲಗೊಂಡು ಕೋಶಗಳ ಸಂಖ್ಯೆಯೇ ಹೆಚ್ಚಿರಬಹುದು. ದ್ರವದಲ್ಲಿ ಉಳಿದ ಗ್ಲೂಕೋಸ್ ಈ ಎರಡನ್ನು ಬೇರ್ಪಡಿಸಿ ಹೇಳುವುದಿಲ್ಲ. ಕೋಶಗಳನ್ನು ಎಣಿಸಲು ಎಲ್ಲರೂ ಬಳಸುವ ಎಂಟಿಟಿ ಬಣ್ಣದ ಪರೀಕ್ಷೆ ಇಲ್ಲಿ ಸಲ್ಲದು, ಏಕೆಂದರೆ ಅದು ಅಳೆಯುವುದು ಕೋಶದ ಚಯಾಪಚಯವನ್ನೇ. ಚಯಾಪಚಯವನ್ನು ಬದಲಿಸುವ ವಸ್ತು ಹಾಕಿದ ಮೇಲೆ ಅದೇ ಚಯಾಪಚಯದಿಂದ ಎಣಿಕೆ ಮಾಡಿದರೆ ಲೆಕ್ಕ ತನ್ನನ್ನೇ ತಾನು ನುಂಗಿಕೊಳ್ಳುತ್ತದೆ. ಗುಳಿಗಳ ಕೋಶಗಳನ್ನು ಕ್ಷಾರದಲ್ಲಿ ಕರಗಿಸಿ ಲೌರಿ ವಿಧಾನದಿಂದ ಪ್ರೋಟೀನ್ ಅಳೆದು, ಗ್ಲೂಕೋಸ್ ಇಳಿಕೆಯನ್ನು ಅದರಿಂದ ಭಾಗಿಸಿದೆ. ವ್ಯತ್ಯಾಸದ ದೊಡ್ಡ ಪಾಲು ಕರಗಿಹೋಯಿತು. ಉಳಿದದ್ದು ಗುಳಿಗುಳಿಗಳ ನಡುವಿನ ಸಹಜ ಏರಿಳಿತಕ್ಕಿಂತ ತುಸುವೇ ಹೆಚ್ಚು.

ಎಂಡಿಎ-ಎಂಬಿ-468 ಗುಳಿಗಳಲ್ಲಿ ದ್ರವ ಬೇಗ ಹಳದಿಗೆ ತಿರುಗಿದ್ದನ್ನು ಪಿಟೆನ್ ಇಲ್ಲದಿರುವುದಕ್ಕೆ ಸಾಕ್ಷಿಯೆಂದು ಬರೆಯುವ ಆಸೆ ನನಗಿತ್ತು. ಅಕ್ಕ ಅದನ್ನು ತಡೆದರು. ಈ ಎರಡು ಕೋಶಸರಣಿಗಳ ನಡುವೆ ಪಿಟೆನ್ ಒಂದೇ ಅಲ್ಲ, ನೂರಾರು ವ್ಯತ್ಯಾಸಗಳಿವೆ. ಎಂಸಿಎಫ್-7ರಲ್ಲಿ ಪಿಟೆನ್ ಸರಿಯಾಗಿದ್ದರೂ ಅದರ ಎದುರಾಳಿಯಾದ ಪಿಐ3 ಕೈನೇಸಿನ ವಂಶವಾಹಿಯಲ್ಲೇ ಮಾರ್ಪಾಟಿದೆ. ಒಂದೇ ಕೋಶಸರಣಿಯಲ್ಲಿ ಪಿಟೆನ್ನನ್ನು ತೆಗೆದು ಅಥವಾ ಮರಳಿ ಸೇರಿಸಿ ನೋಡಿದರೆ ಮಾತ್ರ ಆ ಮಾತಿಗೆ ಬಲ. ಅವರು ಹೇಳಿದ್ದು ಸರಿಯಾಗಿತ್ತು. ಆ ಸಾಲನ್ನು ಬರೆಯಲಿಲ್ಲ.

ಹೀಗೆ ಲೆಕ್ಕ ಹಾಕುತ್ತಾ ಕುಳಿತಾಗ ನನಗೆ ಖಚಿತವಾದದ್ದೇನೆಂದರೆ, ನಾವು ಹೀರುವಿಕೆ ಎಂದು ಅಳೆಯುವುದು ಒಳಗೆ ಬಂದದ್ದನ್ನಲ್ಲ, ಬಂದು ಒಳಗೇ ಉಳಿದದ್ದನ್ನು. ಗ್ಲೂಟ್ ಪ್ರೋಟೀನುಗಳ ಮೂಲಕ ಗ್ಲೂಕೋಸ್ ಎರಡೂ ದಿಕ್ಕಿಗೆ ಓಡಾಡಬಲ್ಲದು. ಒಳಗೆ ಬಂದ ಗ್ಲೂಕೋಸಿಗೆ ಹೆಕ್ಸೋಕೈನೇಸ್ ಒಂದು ಫಾಸ್ಫೇಟ್ ಅಂಟಿಸಿದ ಮೇಲಷ್ಟೇ ಅದು ಪೊರೆ ದಾಟಿ ಹೊರಹೋಗಲಾರದು. ಆ ಫಾಸ್ಫೇಟನ್ನೂ ಕಳಚುವ ಕಿಣ್ವವೊಂದಿದೆ: ಗ್ಲೂಕೋಸ್-6-ಫಾಸ್ಫಟೇಸ್. ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಅದು ಹೇರಳ. ಉಪವಾಸದಲ್ಲಿ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುವುದು ಅದರಿಂದಲೇ. ಹೆಚ್ಚಿನ ಗಡ್ಡೆಗಳಲ್ಲಿ ಅದು ತೀರ ಕಡಿಮೆ. ಅಂದರೆ ಫಾಸ್ಫಟೇಸ್‌ಗಳು ಪೋಷಕಾಂಶದ ಮೇಲೆ ಎರಡು ಕಡೆ ಅಧಿಕಾರ ನಡೆಸುತ್ತವೆ: ಬಾಗಿಲಲ್ಲಿ ಎಷ್ಟು ಸಾಗಣೆ ಪ್ರೋಟೀನು ಇರಬೇಕೆಂಬುದರ ಮೇಲೆ, ಮತ್ತು ಒಳಗೆ ಬಂದದ್ದು ಉಳಿಯಬೇಕೋ ಹೊರಡಬೇಕೋ ಎಂಬುದರ ಮೇಲೆ.

ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್ ನಿಂತಿರುವುದೂ ಈ ಎರಡನೆಯ ಸಂಗತಿಯ ಮೇಲೆ. ರೋಗಿಗೆ ಚುಚ್ಚುವ ಫ್ಲೋರೋಡಿಆಕ್ಸಿಗ್ಲೂಕೋಸ್ ಗ್ಲೂಕೋಸಿನಂತೆಯೇ ಒಳಗೆ ಹೋಗಿ ಫಾಸ್ಫೇಟ್ ಪಡೆಯುತ್ತದೆ, ಆದರೆ ಮುಂದಿನ ಹಂತಗಳಲ್ಲಿ ಒಡೆಯಲಾಗದೆ ಅಲ್ಲೇ ಸಿಕ್ಕಿಬೀಳುತ್ತದೆ. ಅದರಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಸಾಮಾನ್ಯವಾಗಿ ಚುಚ್ಚಿದ ಒಂದು ಗಂಟೆಯ ನಂತರ ಚಿತ್ರ ತೆಗೆಯುತ್ತಾರೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ, ಮೂಲ ಯಕೃತ್ ಕೋಶದ ಗುಣಗಳನ್ನು ಇನ್ನೂ ಉಳಿಸಿಕೊಂಡಿರುವ ಬಗೆಯವು ಈ ಚಿತ್ರದಲ್ಲಿ ಮಂಕಾಗಿ ಕಾಣುವುದಕ್ಕೆ ಮುಖ್ಯ ಕಾರಣ, ಅವುಗಳಲ್ಲಿ ಉಳಿದ ಗ್ಲೂಕೋಸ್-6-ಫಾಸ್ಫಟೇಸ್ ಫಾಸ್ಫೇಟ್ ಕಳಚಿ ಸಕ್ಕರೆಯನ್ನು ಹೊರಬಿಡುವುದು. ಕ್ಯಾನ್ಸರ್ ಇಲ್ಲವೆಂದಲ್ಲ, ಸಕ್ಕರೆ ನಿಲ್ಲುತ್ತಿಲ್ಲ ಅಷ್ಟೇ.

ಪಿಪಿ2ಎ ಬಗ್ಗೆ ನಾವು ಪ್ರಯೋಗ ಮಾಡಲಿಲ್ಲ. ವೆನಡೇಟ್ ಅದನ್ನು ಹೆಚ್ಚಾಗಿ ಮುಟ್ಟುವುದಿಲ್ಲ, ಅದನ್ನು ತಡೆಯುವ ಒಕಡೈಕ್ ಆಮ್ಲದ ಬೆಲೆ ನಮ್ಮ ಪ್ರಾಜೆಕ್ಟಿಗೆ ಎಟುಕುವಂತಿರಲಿಲ್ಲ. ಓದಿದ್ದನ್ನಷ್ಟೇ ಹೇಳುವುದಾದರೆ, ಸೆರಮೈಡ್ ಎಂಬ ಕೊಬ್ಬು ಪಿಪಿ2ಎಯನ್ನು ಚುರುಕುಗೊಳಿಸಿದಾಗ ಪೋಷಕಾಂಶಗಳ ಸಾಗಣೆ ಪ್ರೋಟೀನುಗಳು ಕೋಶದ ಮೈಯಿಂದ ಒಳಗೆ ಸರಿದು ಕೋಶ ಉಪವಾಸ ಬೀಳುತ್ತದೆಂದು 2008ರಲ್ಲಿ ತೋರಿಸಿದ್ದಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಕ್ಕೆ ಅಮೆರಿಕದಲ್ಲಿ 2010ರಲ್ಲಿ ಮಂಜೂರಾದ ಫಿಂಗೋಲಿಮಾಡ್ ಔಷಧಕ್ಕೂ ಈ ಗುಣವಿದೆ, ಆದರೆ ಅದು ಹೃದಯದ ಬಡಿತವನ್ನೂ ತಗ್ಗಿಸುವುದರಿಂದ ಕ್ಯಾನ್ಸರಿಗೆ ಬೇಕಾದಷ್ಟು ಪ್ರಮಾಣದಲ್ಲಿ ಕೊಡುವುದು ಕಷ್ಟ. ಆ ದೋಷವಿಲ್ಲದ ಸಂಬಂಧಿ ಅಣುಗಳನ್ನು ರೂಪಿಸುವ ಕೆಲಸ ನಡೆದಿದೆ. ಇಷ್ಟನ್ನೇ ಓದಿದವರು ಫಾಸ್ಫಟೇಸ್ ಎಂದರೆ ಕ್ಯಾನ್ಸರಿನ ವೈರಿ ಎಂದುಕೊಂಡಾರು. ಅದೇ ಪಿಪಿ2ಎಯ ಬಿ55-ಆಲ್ಫಾ ಎಂಬ ಉಪಘಟಕವು ಗ್ಲೂಟಮಿನ್ ಸಿಗದಿದ್ದಾಗ ಕ್ಯಾನ್ಸರ್ ಕೋಶ ಬದುಕುಳಿಯಲು ನೆರವಾಗುತ್ತದೆಂಬುದು 2013ರ ಕೆಲಸ. ಯಾವ ಉಪಘಟಕ ಜೊತೆಗೂಡಿದೆ ಎಂಬುದರ ಮೇಲೆ ಅದರ ಕೆಲಸವೇ ಬೇರೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಯಕೃತ್ತಿನ ಬಗ್ಗೆಯೇ: ಸ್ತನದ ಕೋಶದ ಬದಲು ಯಕೃತ್ತಿನ ಕೋಶ ತೆಗೆದುಕೊಂಡಿದ್ದರೆ ಏನಾಗುತ್ತಿತ್ತು? ವೆನಡೇಟ್ ಗ್ಲೂಕೋಸ್-6-ಫಾಸ್ಫಟೇಸನ್ನೂ ತಡೆಯುವುದರಿಂದ, ದ್ರವದಲ್ಲಿ ಗ್ಲೂಕೋಸ್ ಇಳಿದರೂ ಅದು ಹೆಚ್ಚು ಒಳಬಂದದ್ದರಿಂದಲೋ ಕಡಿಮೆ ಹೊರಹೋದದ್ದರಿಂದಲೋ ಹೇಳಲಾಗುತ್ತಿರಲಿಲ್ಲ ಎಂದೆ. ಹಾಗಾದರೆ ಬೇರ್ಪಡಿಸುವುದು ಹೇಗೆ ಎಂದು ಮುಂದುವರಿಸಿದರು. ಒಳಬರುವುದನ್ನು ಮಾತ್ರ ಅಳೆಯಬೇಕಾದರೆ ಗಂಟೆಗಟ್ಟಲೆ ಕಾಯಬಾರದು. ಗ್ಲೂಕೋಸನ್ನು ಹೋಲುವ 2-ಡಿಆಕ್ಸಿಗ್ಲೂಕೋಸನ್ನು ಕೆಲವೇ ನಿಮಿಷ ಕೊಟ್ಟು, ಕೂಡಲೇ ತಣ್ಣನೆಯ ಬಫರಿನಲ್ಲಿ ತೊಳೆದು, ಒಳಗೆ ಎಷ್ಟು ಫಾಸ್ಫೇಟ್ ಸಹಿತ ನಿಂತಿದೆ ಎಂದು ನೋಡಬೇಕು ಎಂದು ಉತ್ತರಿಸಿದೆ. ಈ ಅಳತೆಗೆ ಬೇಕಾದ ಕಿಟ್ಟಿಗೆ ವಿಭಾಗ ಆಮೇಲೆ ಬೇಡಿಕೆ ಸಲ್ಲಿಸಿತು; ನನ್ನ ನಂತರದ ತಂಡದ ಇಬ್ಬರು, ನಾನು ಫ್ರೀಜರಿನಲ್ಲಿ ಬಿಟ್ಟು ಬಂದ ವೆನಡೇಟನ್ನು ಬಳಸದೆ ಹೊಸದಾಗಿ ಕುದಿಸಿ ಮಾಡಿಕೊಂಡು, ಎಂಸಿಎಫ್-7 ಕೋಶಗಳಲ್ಲಿ ಆ ಅಳತೆಯನ್ನು ಆರಂಭಿಸಿದ್ದಾರೆ.